ಹನ್ನೆರಡು ಅಡಿ

ಇನ್ವರ್‌ಗಾರ್ಡನ್ನಿನ ಧಕ್ಕೆಗೆ ಹಡಗು ತಾಗಿದ್ದು
ಬೆಳಿಗ್ಗೆ ಆರೂವರೆಗೆ, ಇಳಿತದ ಹೊತ್ತು.
ನಾಲ್ಕು ದಿನದಿಂದ ತುಳುಕುತ್ತಿದ್ದ ಈಜುಕೊಳದ ನೀರು
ಥಟ್ಟನೆ ಸುಮ್ಮನಾಯಿತು,
ಬೈಸಿಕೊಂಡ ಮಗುವಿನ ಹಾಗೆ.

ವಾರಿಜ ಹೊರಟಳು, ಹೊಸ ರೈನ್‌ಕೋಟು, ಚೀಲದಲ್ಲಿ ಖಾರದ ಅವಲಕ್ಕಿ,
ಲಾಕ್ ನೆಸ್ಸಿನ ಭೂತವನ್ನು ನೋಡಲು.
"ನೀವು ಬರುವುದಿಲ್ಲವಾ?"
ಇಲ್ಲ ಮಾರಾಯ್ತಿ,
ಊರಿನ ಭೂತಗಳ ಹರಕೆಯೇ ಇನ್ನೂ ಬಾಕಿ ಉಂಟು,
ಇಲ್ಲೊಂದು ಹೊಸ ಖಾತೆ ಯಾಕೆ?

ಅವಳು ಹೋದಳು. ಅವಳ ಹಿಂದೆ ಇಡೀ ಹಡಗು ಹೋಯಿತು,
ಮೂವತ್ತಾರು ಬಸ್ಸು ತುಂಬ.
ಎಣಿಸಿದೆ. ಎಣಿಸುವ ಚಟ ಹೋಗುವುದಿಲ್ಲ:
ಪಣಂಬೂರಿನ ಬಂದರಿನಲ್ಲಿ ಮೂವತ್ತೊಂದು ವರ್ಷ
ಟ್ಯಾಲಿ ಗುಮಾಸ್ತ ನಾನು.
ಗೇರುಬೀಜದ ಮೂಟೆ, ಯೂರಿಯಾ, ಮಲೇಷ್ಯಾದ ಮರದ ದಿಮ್ಮಿ,
ನಾಲ್ಕು ಗೀಟು, ಐದನೆಯದು ಅಡ್ಡ.
ಹಡಗನ್ನು ನೋಡಿದ್ದು ಯಾವಾಗಲೂ ಕೆಳಗಿನಿಂದ,
ಕತ್ತು ನೋಯುವಷ್ಟು ಹೊತ್ತು.
ಮೇಲಿನಿಂದ ಧಕ್ಕೆ ಹೀಗೆ ಕಾಣುತ್ತದೆಂದು,
ಮನುಷ್ಯರೆಂದರೆ ಬರೀ ಟೊಪ್ಪಿಗಳೆಂದು
ಯಾರೂ ಹೇಳಿರಲಿಲ್ಲ.

ಹನ್ನೊಂದನೆಯ ಡೆಕ್ಕಿನಲ್ಲಿ ಇನ್ನೂರು ಕುರ್ಚಿ, ಮೂರು ಜನ.
ಒಬ್ಬ ನಿದ್ದೆಯಲ್ಲಿ; ಹೊಟ್ಟೆಯ ಮೇಲೆ ಕವುಚಿಟ್ಟ ಪುಸ್ತಕ
ಅವನ ಉಸಿರನ್ನು ಓದುತ್ತಿತ್ತು.
ಇನ್ನೊಬ್ಬಳು ಯಾರ್ಕ್‌ಷೈರಿನ ಡೋರೀನ್,
ಯಾರಿಗೆಂದು ಗೊತ್ತಿಲ್ಲದ ಹಸಿರು ಸ್ವೆಟರು ಹೆಣೆಯುತ್ತ.
ಗಂಡ ಎಲ್ಲ ಬಂದರಿನಲ್ಲೂ ಇಳಿಯುತ್ತಾನಂತೆ,
ಇವಳು ಒಂದರಲ್ಲೂ ಇಲ್ಲ.
"ಮನೆಯೇ ದಿನಕ್ಕೊಂದು ಊರಿಗೆ ಹೋಗುವಾಗ
ನಾನ್ಯಾಕೆ ಏಳಲಿ?"

ಹತ್ತು ಗಂಟೆಗೆ ಕಿತ್ತಳೆ ದೋಣಿಗಳನ್ನು ಇಳಿಸಿ
ಮುಳುಗುವ ಅಭ್ಯಾಸ ಮಾಡಿದರು.
ನಿನ್ನೆ ರಾತ್ರಿ ಐಸ್‌ಕ್ರೀಮು ಬಡಿಸಿದ ಹುಡುಗ
ಜಾಕೆಟ್ಟು ಬಿಗಿದು, ಮುಖ ಗಂಟು ಹಾಕಿ
ನನ್ನ ಜೀವದ ಹೊಣೆ ಹೊತ್ತು ನಿಂತಿದ್ದ.
ಹಲಗೆಯಲ್ಲಿ ನೇತಾಡುತ್ತ ಮನಿಲಾದ ರೊಡೆಲ್
ತುಕ್ಕು ಕೆರೆದು ಬಿಳಿ ಬಳಿಯುತ್ತಿದ್ದ,
ಹುಣ್ಣಿಗೆ ಸುಣ್ಣ ಹಚ್ಚಿದ ಹಾಗೆ.
ಆಚೆ ಕೊಲ್ಲಿಯಲ್ಲಿ ತೈಲ ತೆಗೆಯುವ ನಾಲ್ಕು ಅಟ್ಟಗಳು,
ಕೆಲಸ ಮುಗಿದು, ನೀರಿನಲ್ಲಿ ಕಾಲು ಬಿಟ್ಟುಕೊಂಡು.
ನಮ್ಮವರೇ. ಪಿಂಚಣಿದಾರರು.

ಮೂರನೆಯ ಚಾ ಕುಡಿಯುವಾಗ ಕಂಡಿತು:
ಬೆಳಿಗ್ಗೆ ವಾರಿಜ ಇಳಿದ ಏಣಿಹಲಗೆ
ಚಾಪೆಯ ಹಾಗೆ ಮಲಗಿತ್ತು.
ಈಗ ಓರೆ. ಒಂದು ಗಂಟೆಯ ಮೇಲೆ, ಇನ್ನೂ ಓರೆ.
ಉಬ್ಬರ ಬಂದಿದೆ, ಸದ್ದಿಲ್ಲದೆ,
ಇಷ್ಟು ದೊಡ್ಡ ಹಡಗನ್ನು, ಅದರ ಪಿಯಾನೋವನ್ನು, ಡೋರೀನಳನ್ನು,
ನಿದ್ದೆಯವನ ಪುಸ್ತಕವನ್ನು, ನನ್ನ ಚಾದ ಕಪ್ಪನ್ನು
ಒಂದು ಹನಿ ಚೆಲ್ಲದೆ ಎತ್ತುತ್ತಿದೆ.
ಧಕ್ಕೆಯ ಕಲ್ಲು ಲೆಕ್ಕ ಹಾಕಿ ನೋಡಿದೆ:
ಹತ್ತಿರ ಹತ್ತಿರ ಹನ್ನೆರಡು ಅಡಿ.
ಇದಕ್ಕೆ ಕ್ರೇನು ಇಲ್ಲ, ಕೂಲಿ ಇಲ್ಲ,
ರುಜು ಹಾಕುವವರೂ ಇಲ್ಲ.

ಒಂದೂವರೆಗೆ ವಾರಿಜ ಏದುಸಿರು ಬಿಡುತ್ತ ಬಂದಳು.
"ಬೆಳಿಗ್ಗೆ ಇಷ್ಟು ಚಡಾವು ಇರಲಿಲ್ಲಪ್ಪ."
ಭೂತ?
"ಎಂತದೂ ಇಲ್ಲ. ಕಪ್ಪು ನೀರು, ತಣ್ಣಗೆ.
ಆದರೆ ಎಲ್ಲರೂ ಒಂದೇ ಕಡೆ ನೋಡುತ್ತಿದ್ದರು,
ಅದು ಚಂದ ಇತ್ತು."
ಮತ್ತೆ ಕೇಳಿದಳು: "ನೀವು ಎಂತ ಮಾಡಿದಿರಿ?"
ಹನ್ನೆರಡು ಅಡಿ ಹತ್ತಿದೆ. ಸಂಜೆಯೊಳಗೆ ಇಳಿಯಬೇಕು.
"ಮೆಟ್ಟಿಲಾ? ಲಿಫ್ಟಿನಲ್ಲಿ ಹೋಗಿ ಎಂದಿದ್ದೆನಲ್ಲ,
ಆ ಮೊಣಕಾಲು ಇಟ್ಟುಕೊಂಡು!"

ಏಳಕ್ಕೆ ಹಲಗೆ ಮತ್ತೆ ಚಾಪೆಯಾಯಿತು. ಸುತ್ತಿ ಎಳೆದುಕೊಂಡರು.
ಕೆಳಗೆ ಹಳದಿ ಅಂಗಿಯ ಮುದುಕನೊಬ್ಬ
ಗೂಟದಿಂದ ಹಗ್ಗದ ಕುಣಿಕೆ ಬಿಡಿಸಿ
ಕತ್ತೆತ್ತಿ ನಮ್ಮನ್ನು ನೋಡಿದ.
ಟೊಪ್ಪಿಯ ಕೆಳಗೆ ಮುಖ ಇತ್ತು.
ಆ ಕತ್ತಿನ ನೋವು ನನಗೆ ಗೊತ್ತು.
ಕೈ ಬೀಸಿದೆ.
ಅವನು ಬೀಸಲಿಲ್ಲ,
ಕೈತುಂಬ ಒದ್ದೆ ಹಗ್ಗ.