ನಡುವಿನದು

ಓಶಿವಾರಾದ ಸಾಮಾನು ಬಜಾರಿನಲ್ಲಿ
ಹನ್ನೊಂದನೇ ಗಾಳಾ ನಮ್ಮದು.
ಮರದ ಕೆಲಸಕ್ಕೆ ಮೌನೇಶ ಬಡಿಗೇರ,
ಪಾಲಿಶಿಗೆ ನಾನು.

ಮಾರ್ಚಿನ ಒಂದು ಮಧ್ಯಾಹ್ನ ಟೆಂಪೋದಿಂದ ಇಳಿದವು
ಎರಡು ಮೇಜು, ಒಂದರ ಹೊಟ್ಟೆಯಲ್ಲಿ ಇನ್ನೊಂದು.
ಹಿಂದೆಯೇ ಟ್ಯಾಕ್ಸಿಯಲ್ಲಿ
ದಾದರಿನ ಪಾರ್ಸಿ ಕಾಲನಿಯ ಖುರ್ಷಿದ್‌ಬಾಯಿ.
‘ಡೆನ್ಮಾರ್ಕಿನವು. ಐವತ್ತೆಂಟರಲ್ಲಿ
ಅಪ್ಪ ಹಡಗಿನಲ್ಲಿ ತಂದದ್ದು. ಆಗ ಮೂರಿದ್ದವು.’

ತಡವಿ ನೋಡಿದೆ.
ಬಳ್ಳಿಯಿಲ್ಲ, ಹೂವಿಲ್ಲ, ಸಿಂಹದ ಪಂಜವಿಲ್ಲ,
ಹಿತ್ತಾಳೆಯ ಚುಕ್ಕೆ ಕೂಡ ಇಲ್ಲ.
ಇಳಿಯುತ್ತ ಇಳಿಯುತ್ತ ಸಣ್ಣಗಾದ ಕಾಲು,
ನೆಲ ಮುಟ್ಟಲು ನಾಚಿಕೊಂಡಂತೆ.
ತೇಗ ಮಾತ್ರ ನಮ್ಮ ಸಮುದ್ರದ ಕಡೆಯದೇ,
ಅಷ್ಟು ದೂರ ಹೋಗಿ
ಸಣಕಲಾಗಿ ತಿರುಗಿ ಬಂದಿತ್ತು.

ಬರೇ ಇಷ್ಟೇನಾ, ಅಂದೆ.
ಮೌನೇಶ ಕೀಲಿನ ಮೇಲೆ ಉಗುರು ಎಳೆದ.
‘ಮೊಳೆ ಇಲ್ಲ ನೋಡು. ತಪ್ಪು ಮುಚ್ಚಲಿಕ್ಕೆ
ಇದರಾಗ ಜಾಗಾನೇ ಇಲ್ಲ.’

ನಡುವಿನದು ಎಲ್ಲಿ ಎಂದದ್ದಕ್ಕೆ
‘ಪುಣೆ’ ಎಂದರು ಬಾಯಿ,
ಪರ್ಸಿನ ಬಾಯಿ ಟಕ್ಕನೆ ಮುಚ್ಚಿದಂತೆ.

ದೊಡ್ಡದರೊಳಗೆ ಚಿಕ್ಕದನ್ನು ತಳ್ಳಿ
ಚಹಾ ಆರುವ ತನಕ ಅವನು ಕೂತ.
ಸಡಿಲ ಹಲ್ಲಿನಂತೆ ಅದು ಅಲ್ಲಾಡಿತು.
ಆಮೇಲೆ ಗೋಡೆಯ ಕ್ಯಾಲೆಂಡರಿನ ಅಂಚಿಗೆ
ದೊಡ್ಡದರ ಅಳತೆ ಬರೆದ, ಚಿಕ್ಕದರ ಅಳತೆ ಬರೆದ,
ಟೇಪನ್ನು ಗಾಳಿಯಲ್ಲಿ ಹಿಡಿದು
ಇಲ್ಲದ್ದರ ಅಳತೆ ಬರೆದ.

ಮರ, ಗಿರಗಾಂವಿನಲ್ಲಿ ಕೆಡವಿದ ಚಾಳಿನ ಬಾಗಿಲು.
ಹನ್ನೆರಡು ದಿನ.
ಬಣ್ಣ ಕೂಡಲೆಂದು ನಾನು ಕಡು ಚಹಾ ಹಚ್ಚಿದೆ,
ಎಣ್ಣೆ ಹಚ್ಚಿದೆ,
ಅರವತ್ತು ವರ್ಷ ಹಚ್ಚಿದೆ.
ಬಾಯಿ ಮೂರನ್ನೂ ಒಳಗೆ ತಳ್ಳಿ, ಹೊರಗೆ ಎಳೆದು,
ಮತ್ತೆ ತಳ್ಳಿ, ದುಡ್ಡು ಎಣಿಸಿಕೊಟ್ಟರು.

ದೀಪಾವಳಿಗೆ ವಾರವಿರುವಾಗ
ಪುಣೆ ನಂಬರಿನ ಕಾರಿನಿಂದ ಒಬ್ಬ ಮುದುಕರು.
ಬಾಯಿಯವರದೇ ಮೂಗು.
ಕಂಬಳಿಯಲ್ಲಿ ಒಂದೇ ಒಂದು ಮೇಜು.
‘ಇದಕ್ಕೆ ದೊಡ್ಡದೊಂದು, ಚಿಕ್ಕದೊಂದು ಬೇಕಿತ್ತು.
ಅಳತೆ ನನ್ನ ಹತ್ತಿರ ಇಲ್ಲ.’

ನಾನು ಮೌನೇಶನನ್ನು ನೋಡಿದೆ.
ಮೌನೇಶ ಗೋಡೆ ನೋಡಿದ.
ಮಾರ್ಚಿನ ಹಾಳೆ ಇನ್ನೂ ಹರಿದಿರಲಿಲ್ಲ.
‘ಇಪ್ಪತ್ತು ದಿನ ಕೊಡಿ,’ ಅಂದ.

ಬಾಗಿಲ ತನಕ ಹೋಗಿ ಮುದುಕರು ತಿರುಗಿದರು:
‘ಅಂದಾಜಿನ ಮೇಲೆ ಮಾಡುತ್ತೀರಾ?’
‘ಹೌದ್ರಿ.’

ರಾತ್ರಿ ಶಟರ್ ಅರ್ಧ ಎಳೆದು
ಅವರ ಮೇಜನ್ನು ಮಗುಚಿ ಅಳೆದ.
ನಾವು ಮಾಡಿದ್ದು ಇದಕ್ಕಿಂತ ಅರ್ಧ ನೂಲು ಅಗಲ.
ಅಲ್ಲಿ ಸರಿಯಾಗಿಯೇ ಕೂತಿದೆಯಲ್ಲ, ಅಂದೆ.
ಅವನು ಪೆನ್ಸಿಲ್ ಕೆತ್ತುತ್ತಿದ್ದ,
ಕೆತ್ತುತ್ತಲೇ ಇದ್ದ.