ಹತ್ತು ಗಂಟೆಯ ಸಾರು

ಆಸ್ಪತ್ರೆಯ ರಾತ್ರಿಪಾಳಿಗೆ ಹೊರಡುವಾಗ
ಹೊಸ್ತಿಲಲ್ಲಿ ನಿಂತು ಅವ್ವ ಹೇಳುತ್ತಿದ್ದದ್ದು ಒಂದೇ ಮಾತು:
"ಬೋಮಾ, ಹತ್ತಕ್ಕೆ ಸಾರು ಕುದಿಸು."
ಚಿಲಕ ಹಾಕು ಅಂತಲ್ಲ,
ತಮ್ಮನಿಗೆ ಹೊದಿಸು ಅಂತಲ್ಲ. ಸಾರು.

ಪೋರ್ಟ್ ಹಾರ್ಕೋರ್ಟಿನ ನಮ್ಮ ವಠಾರದ ಕೋಣೆಯಲ್ಲಿ
ಫ್ರಿಜ್ಜು ಇರಲಿಲ್ಲ ಅನ್ನುವಂತಿಲ್ಲ.
ಅದರೊಳಗೆ ಬಾಡಿಗೆಯ ರಸೀದಿ, ಅವ್ವನ ಮದುವೆಯ ಸೀರೆಬಟ್ಟೆ,
ಇಲಿಗೆ ಸಿಗಬಾರದ ಸಾಮಾನು.
ಕರೆಂಟು ಬಂದರೆ ಮೂರು ದಿನಕ್ಕೊಮ್ಮೆ;
ಆಗ ಇಡೀ ಓಣಿ ಹೋ ಎಂದು ಕೂಗುತ್ತಿತ್ತು
ಗೋಲು ಬಿದ್ದ ಹಾಗೆ.

ಭಾನುವಾರದ ಸಾರು ಬುಧವಾರಕ್ಕೂ ಬರಬೇಕು.
ತಾಳೆಹಣ್ಣಿನ ಕೆಂಪು ರಸ, ಹೊಗೆ ಹಾಕಿದ ಮೀನು,
ತುದಿ ಮುರಿದು ಹೀರುವ ಕರಿಶಂಖದ ಹುಳು.
ಬೆಳಿಗ್ಗೆ ಒಂದು ಕುದಿ, ರಾತ್ರಿ ಒಂದು ಕುದಿ
ಸೀಮೆಎಣ್ಣೆ ಒಲೆಯ ಮೇಲೆ.
ಕುದಿದ ಮೇಲೆ ಸೌಟು ಅದ್ದಕೂಡದು,
ಮುಚ್ಚಳ ಎತ್ತಿ ಇಣುಕಕೂಡದು.
ಮಗು ಮಲಗಿದ ಕೋಣೆಯಲ್ಲಿ ಓಡಾಡಿದ ಹಾಗೆ
ತುದಿಗಾಲಲ್ಲಿ ಓಡಾಡುತ್ತಿದ್ದೆವು ನಾವು.

ಆ ಮಂಗಳವಾರ ಮರೆತೆ.
ಪಕ್ಕದ ಮನೆಯ ಇಬಿಸೊ ನನಗೆ ಜಡೆ ಹೆಣೆಯುತ್ತಿದ್ದಳು,
ಅರ್ಧ ತಲೆ ಮುಗಿದಿತ್ತು,
ಅವಳ ತೊಡೆಯ ಮೇಲೇ ನಿದ್ದೆ ಬಂತು.

ಬೆಳಿಗ್ಗೆ ಮುಚ್ಚಳ ತೆಗೆದರೆ
ಒಲೆ ತಣ್ಣಗಿದೆ,
ಸಾರು ತಾನೇ ಕುದಿಯುತ್ತಿದೆ.
ಸಣ್ಣ ಗುಳ್ಳೆ, ಬಿಳಿ ನೊರೆ,
ಮೂಗಿನ ತುದಿಗೇ ಬಂದು ಕೂರುವ ಹುಳಿ.

ಒಲೆ ಹಚ್ಚಿದೆ. ಉರಿ ಏರಿಸಿದೆ.
ಮೆಣಸಿನಪುಡಿ ಸುರಿದೆ, ಉಪ್ಪು ಸುರಿದೆ,
ಅರ್ಧ ಜಡೆ ಬಿಚ್ಚಿಕೊಂಡೇ ಒಂದು ಗಂಟೆ ಕುದಿಸಿದೆ.

ಅವ್ವ ಬಂದಳು, ಮೈತುಂಬ ಫಿನಾಯಿಲಿನ ವಾಸನೆ.
ಗಾರಿಯ ಮುದ್ದೆ ಮುರಿದು ಅದ್ದಿ
ಬಾಯಿಯ ತನಕ ತಂದು ನಿಲ್ಲಿಸಿದಳು.
"ಎಷ್ಟು ಹೊತ್ತು ಕುದಿಸಿದೆ?"
"ತುಂಬಾ ಹೊತ್ತು."
"ಕುದಿಗೆ ಹುಳು ಸಾಯ್ತದೆ ಬೋಮಾ.
ಅದು ಉಗುಳಿ ಹೋದದ್ದು ಸಾಯಲ್ಲ.
ಮಕ್ಕಳ ವಾರ್ಡಿನ ಬಕೆಟ್ಟು ತೊಳೆಯೋಳು ನಾನು."

ಪಾತ್ರೆ ಎತ್ತಿ ಚರಂಡಿಗೆ ನಡೆದಳು.
"ಇಬಿನಾಬೊ, ಮೀನನ್ನಾದರೂ ತೊಳೆದು ತೆಗೆದಿಟ್ಟುಕೋ!"
ಮಮಾ ಸೋಕಾರಿ ಕೂಗಿದ್ದು ಕೇಳಿಸಿತು, ಕೇಳಿಸಿಕೊಳ್ಳಲಿಲ್ಲ.
ಮೂರು ದಿನದ ಸಂಬಳ ಕೆಂಪಗೆ ಹರಿಯಿತು.
ಉರುಳಿದ ಒಂದು ಶಂಖ ತಮ್ಮ ಹೆಕ್ಕಿದ.
ಆ ದಿನದ ಒಂದೇ ಏಟು ಅವನ ಕೈಗೆ ಬಿತ್ತು,
ನನ್ನ ಪಾಲಿನದು.

ಈಗ ನನ್ನ ತಾರಸಿಯ ಮೇಲೆ ಸೌರಫಲಕ,
ಅಡುಗೆಮನೆಯಲ್ಲಿ ಗುಂಯ್‌ಗುಡುವ ಫ್ರಿಜ್ಜು, ಗಾಜಿನ ಡಬ್ಬಿಗಳು.
ಐಸ್‌ಕ್ರೀಮಿನ ಖಾಲಿ ಪ್ಲಾಸ್ಟಿಕ್ಕಿನಲ್ಲಿ ಗುಂಡಿಗಳನ್ನಿಟ್ಟಿದ್ದೇನೆ,
ಬಿಸಿ ಸಾರಿಗೆ ಅದು ತಕ್ಕದ್ದಲ್ಲ.
ದೊಡ್ಡ ಪಾತ್ರೆಯ ಹೊಟ್ಟೆ ನಡುರಾತ್ರಿಯಾದರೂ ಆರದು
ಅಂತ ಅಗಲ ತಟ್ಟೆಗಳಿಗೆ ಹಂಚಿ ಆರಿಸುತ್ತೇನೆ,
ಎರಡು ಗಂಟೆಯೊಳಗೆ ಒಳಗೆ.
ಉಣ್ಣುವಷ್ಟನ್ನೇ ಹೊರಗೆ ತೆಗೆದು, ಕಲಕಿ,
ನಡುವಿನಿಂದಲೂ ಹೊಗೆ ಏಳುವ ತನಕ ಕಾಯುತ್ತೇನೆ.
ಮೈಕ್ರೋವೇವು ಅಂಚನ್ನು ಸುಟ್ಟು ನಡುವನ್ನು ಮರೆಯುತ್ತದೆ,
ಹನ್ನೊಂದು ವರ್ಷದ ಹುಡುಗಿಯ ಹಾಗೆ.

ತಂಗಳು ಅಂದರೆ ತಂಗಿದ್ದು ತಾನೇ.
ರಾತ್ರಿ ಉಳಿದ ನೆಂಟ.
ಎಲ್ಲಿ ಮಲಗಿಸಿದೆ ಅಂತ ಮನೆಯವರು ಕೇಳಬೇಡವೇ?

"ಅಮ್ಮಾ, ಈಗ ಫ್ರಿಜ್ಜು ಇದೆಯಲ್ಲ" ಎಂದು ಮಗಳು ನಗುತ್ತಾಳೆ.
ಇದೆ. ಆದರೂ ಹತ್ತಕ್ಕೆ
ಬಲಗೈ ಏನನ್ನೋ ಹುಡುಕುತ್ತದೆ, ಬೆಂಕಿಪೊಟ್ಟಣವನ್ನೋ ಏನೋ.

ನಿನ್ನೆ ರಾತ್ರಿ ಬ್ಯಾಟರಿ ಸೋತಿತು.
ಗುಂಯ್ ನಿಂತದ್ದಕ್ಕೇ ಎಚ್ಚರವಾಯಿತು.
ಕತ್ತಲಲ್ಲಿ ಹೋಗಿ ಆ ಬಿಳಿ ಬಾಗಿಲಿನ ಮೇಲೆ
ಅಂಗೈ ಇಟ್ಟು ನಿಂತೆ,
ಜ್ವರ ನೋಡುವ ಹಾಗೆ,
ತೆರೆಯದೆ.