ನಲವತ್ತೇಳನೆಯ ಪೆಟ್ಟಿಗೆ

ಹುಡುಗಿ ಮಾಂಟ್ರಿಯಲಿನಿಂದ ಬಂದವಳು, ಹೆಸರು ಫ್ಲಾವಿ.
ಕಂಪನಿಯಲ್ಲಿರುವುದು ಒಟ್ಟು ಮೂರೂವರೆ ಜನ.
ಆ ಅರ್ಧ ಯಾರೆಂದು ಕೇಳಬೇಡಿ,
ಶೆಡ್ಡಿನ ಬೀಗದ ಕೈ ನನ್ನ ಜೇಬಿನಲ್ಲಿದೆ.
ಷೇರಿನ ಬೆಲೆ ನಾಲ್ಕು ಸೆಂಟು.
ಅಬಿಟಿಬಿಯ ಫೆಬ್ರವರಿ; ಸ್ಪ್ರೂಸ್ ಮರಗಳು
ಚಳಿಗೆ ಒಳಗಿಂದೊಳಗೇ ಟಪ್ಪೆಂದು ಬಿರಿಯುವ ಕಾಲ.

"ತೆರೆಯಿರಿ ಒವಿಲಾ, ಹಳೆಯ ಕಲ್ಲು ನೋಡಬೇಕು" ಅಂದಳು.
ಹೊಸದಾಗಿ ಕೊರೆಯಲು ಕಾಸಿಲ್ಲ ಅನ್ನಲಿಲ್ಲ.
ನಾನೂ ಕೇಳಲಿಲ್ಲ.

ಎಂಬತ್ತೊಂದರಲ್ಲಿ ನೆಲದಿಂದ ಎಳೆದ ಕಲ್ಲಿನ ಕಡ್ಡಿಗಳು,
ಮಗುವಿನ ಮಣಿಕಟ್ಟಿನ ದಪ್ಪ.
ಮರದ ಪೆಟ್ಟಿಗೆಗಳಲ್ಲಿ ಮಗ್ಗುಲಿಗೆ ಮಗ್ಗುಲು ಮಲಗಿಸಿ
ಆಳದ ಲೆಕ್ಕಕ್ಕೆ ಮೂರು ಮೀಟರಿಗೊಂದು ಮರದ ಚೂರು.
ಚಿನ್ನದ ವಾಸನೆ ಬಂದಷ್ಟನ್ನು ಸೀಳಿ ಲ್ಯಾಬಿಗೆ ಕಳಿಸಿದೆವು.
ಮಿಕ್ಕ ಬಿಳಿಗಲ್ಲಿನ ಪೆಟ್ಟಿಗೆಗೆಲ್ಲ
ದಪ್ಪ ಸೀಸದಕಡ್ಡಿಯಲ್ಲಿ ಒಂದೇ ಮಾತು: ರಿಯಾಂ.
ಏನಿಲ್ಲ. ಏನಿಲ್ಲ. ಏನಿಲ್ಲ.
ಅಕ್ಷರ ನನ್ನದೇ. ಇಪ್ಪತ್ತೆರಡರ ಪ್ರಾಯ, ಗಂಟೆಗೆ ಆರು ಡಾಲರು,
ಭೂವಿಜ್ಞಾನಿ ಅನ್ನುತ್ತಿದ್ದ, ನಾನು ಬರೆಯುತ್ತಿದ್ದೆ.

ಬಲ್ಬು ಆರಿಸಿದಳು. ಕಿಟಕಿಗೆ ಕಂಬಳಿ ಹೊಡೆದಳು.
ಕಪ್ಪು ಕನ್ನಡಕ ನನಗೊಂದು, ಅವಳಿಗೊಂದು.
ಕೈಯಲ್ಲಿ ಬೂಟಿನ ಪೆಟ್ಟಿಗೆಯಂಥ ದೀಪ,
ಬೆಳಕೇ ಇಲ್ಲದ ಬೆಳಕು.
ಮೊದಲು ಹೊಳೆದದ್ದು ಅವಳ ಅಂಗಿಯ ಕಾಲರು,
ಆಮೇಲೆ ನನ್ನ ಕಟ್ಟಿಸಿದ ಹಲ್ಲು
("ಬಾಯಿ ಮುಚ್ಚಿ ಒವಿಲಾ"),
ಆಮೇಲೆ ಯಂತ್ರದ ಗ್ರೀಸು,
ಆಮೇಲೆ, ಪೆಟ್ಟಿಗೆಯಿಂದ ಪೆಟ್ಟಿಗೆಗೆ
ನಲವತ್ತು ವರ್ಷ ನಡೆದಾಡಿದ ಇಲಿಗಳ ಉಚ್ಚೆ.
ಒಂದು ಗಂಟೆ ಕಳೆದಿತ್ತು. ಕಾಲು ಮರಗಟ್ಟಿತ್ತು.
ಇನ್ನು ಮನೆಗೆ ಹೋಗೋಣ ಎನ್ನಲು ಬಾಯಿ ತೆರೆದೆ.

ನಲವತ್ತೇಳು.

ಗ್ಯಾಸಿನ ಉರಿ ಸಣ್ಣ ಮಾಡಿದಾಗ ಉಳಿಯುತ್ತದಲ್ಲ, ಆ ನೀಲಿ.
ಮೊದಲು ಕೂದಲೆಳೆ, ಮುಂದೆ ಹೆಬ್ಬೆರಳು,
ಮುಂದೆ ಅಂಗೈಯಗಲ.
ನಾನು "ಏನಿಲ್ಲ" ಎಂದು ಬರೆದದ್ದರ ಕೆಳಗೇ.

"ಶೀಲೈಟ್" ಅಂದಳು, ದನಿ ತಗ್ಗಿಸಿ, ಕಲ್ಲಿಗೆ ಎಚ್ಚರವಾದೀತು ಅನ್ನುವ ಹಾಗೆ.
ಟಂಗ್‌ಸ್ಟನ್. ಈಗ ಆರಿಸಿದೆವಲ್ಲ, ಆ ಬಲ್ಬಿನ ತಂತಿ.
ಅದರ ಕೆಳಗೇ ಕೂತು ಇದನ್ನು ನೋಡಿದ್ದೆವು, ಇಡೀ ಒಂದು ಚಳಿಗಾಲ.
ಬೆಳ್ಳಗಿರುವುದೆಲ್ಲ ಹಾಲಲ್ಲ, ಸರಿ.
ಬಿಳಿಗಲ್ಲಿನೊಳಗೆ ಬೇರೊಂದು ಬಿಳಿ ಇದ್ದೀತೆಂದು ಯಾರಿಗೆ ಗೊತ್ತು?

ಗೊತ್ತಿತ್ತು. ರೆಜಾನನ ಸೊಂಟಕ್ಕೆ ಗೊತ್ತಿತ್ತು.
ಒಂದು ತುದಿ ಅವನು, ಒಂದು ತುದಿ ನಾನು.
ನಲವತ್ತಾರು ಇಟ್ಟು ನಲವತ್ತೇಳು ಎತ್ತಿದವನೇ
"ಹೆಣಭಾರ, ತಬರ್ನಾಕ್!" ಅಂದಿದ್ದ.
ನಕ್ಕಿದ್ದೆವು. ಊಟದ ಹೊತ್ತಾಗಿತ್ತು.
ಹೊತ್ತವರನ್ನು ಯಾರೂ ಕೇಳುವುದಿಲ್ಲ,
ನಾವೂ ಹೇಳುವಂಥದ್ದು ಅಂದುಕೊಳ್ಳಲಿಲ್ಲ.
ರೆಜಾನ್ ಹೋಗಿ ಒಂಬತ್ತು ವರ್ಷ.

ಇದನ್ನು ಹೇಳಿದಾಗ ಅವಳು ನಗಲಿಲ್ಲ.
"ಬೇರೆ ಯಾವುದು ಭಾರವಿತ್ತು?" ಎಂದು ಕೇಳಿ ನೋಟ್‌ಬುಕ್ಕು ತೆರೆದಳು.

ಕತ್ತಲೆಯಲ್ಲೇ ಎದ್ದೆ.
ಪೆಟ್ಟಿಗೆಗಳ ಒಂದೊಂದು ತುದಿ ಎತ್ತಿ, ಇಳಿಸಿ,
ಸಂತೆಯಲ್ಲಿ ಕುಂಬಳಕಾಯಿ ತೂಗುವವನ ಹಾಗೆ:
ಇದಲ್ಲ. ಇದಲ್ಲ. ಇದು.
ಅವಳ ದೀಪ ನನ್ನ ಹಿಂದೆ ಹಿಂದೆ.
ಐವತ್ತೆರಡು, ನೀಲಿ.
ಐವತ್ತಮೂರು, ನೀಲಿ.
ಎಪ್ಪತ್ತು ಎಲ್ಲಕ್ಕಿಂತ ಭಾರ. ಎದೆ ಹಾರಿತು.
ನೋಡಿದರೆ ತಳ ಮಂಜುಗಟ್ಟಿ ನೆಲಕ್ಕೆ ಅಂಟಿತ್ತು, ಅಷ್ಟೆ.

ಲ್ಯಾಬಿನ ಉತ್ತರಕ್ಕೆ ಆರು ವಾರ.
ಅಷ್ಟರವರೆಗೆ ಕಂಪನಿ ಇದ್ದೀತು, ಇಲ್ಲದಿದ್ದೀತು.
ಹೊಳೆದರಾಯಿತೇ, ಅಗೆದು ತೆಗೆದರೆ ಗಿಟ್ಟಬೇಕು ಅಂದಳು,
ಸೀಸದಕಡ್ಡಿ ನನ್ನ ಕೈಗಿಟ್ಟಳು.
ನಾನು ಹಳೆಯದನ್ನು ಅಳಿಸಲಿಲ್ಲ.
ಪಕ್ಕದಲ್ಲಿ ತಾರೀಖು ಹಾಕಿದೆ, "ಭಾರ" ಎಂದು ಬರೆದೆ.

ರಾತ್ರಿ ಸೊಂಟ ಹಿಡಿದುಕೊಂಡಿದೆ.
ಎಡಕ್ಕೋ ಬಲಕ್ಕೋ, ಎಷ್ಟೆಂದು
ಮಲಗಿದಲ್ಲೇ ಸರಿಯಾಗಿ ಗಮನಿಸುತ್ತಿದ್ದೇನೆ.